ಲಾಕ್‌ಡೌನ್‌ನಲ್ಲಿ ಕೊಲೆ ಬರೆಯೋದು ಸುಲಭ ಅಲ್ವಾ?

ನಾನು ಬರೆಯುತ್ತಿರುವ ಪತ್ತೇದಾರಿ ಕಾದಂಬರಿ ಲಾಕ್‌ಡೌನ್‌ನಲ್ಲಿ ನಡೆಯುತ್ತದೆ ಅಂದ ತಕ್ಷಣ ಎಲ್ಲರೂ ಕೇಳುವುದು ಇದನ್ನೇ. "ಹೊರಗಿನವರು ಬರೋ ಹಾಗಿಲ್ಲ, ಒಳಗಿನವರು ಹೋಗೋ ಹಾಗಿಲ್ಲ. ಕೊಲೆಗಾರ ಮನೆಯವರಲ್ಲೇ ಒಬ್ಬ. ಇನ್ನೇನು ಕಷ್ಟ?"

ನಾನೂ ಹಾಗಂದುಕೊಂಡೇ ಶುರು ಮಾಡಿದ್ದು. ಹಿಮ ಬಿದ್ದು ದಾರಿ ಮುಚ್ಚಿದ ಬಂಗಲೆ, ದೋಣಿ ಬಾರದ ದ್ವೀಪ ಅಂತ ಕಥೆಗಾರರು ಕಷ್ಟಪಟ್ಟು ಕಟ್ಟುತ್ತಿದ್ದ ಬೋನನ್ನು 2020 ಪುಕ್ಕಟೆ ಕೊಟ್ಟಿತ್ತಲ್ಲ! ಆದರೆ ಮೂರನೇ ಅಧ್ಯಾಯದ ಹೊತ್ತಿಗೆ ಬೋನಿಗೆ ಬಿದ್ದವಳು ನನ್ನ ಇನ್‌ಸ್ಪೆಕ್ಟರ್. ವಿಚಾರಿಸಲು ಹೋದರೆ ಯಾರೂ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಬೀದಿ ಖಾಲಿ, ಕಂಡವರೂ ಇಲ್ಲ. ಎಲ್ಲರ ಮುಖಕ್ಕೂ ಮಾಸ್ಕ್. 'ಅವನ ತುಟಿ ನಡುಗಿತು' ಅಂತ ಒಂದು ಸಾಲು ಬರೆಯೋಕೂ ಆಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಬೀಗ ಹಾಕಿದ ಬಾಗಿಲಲ್ಲ, ಜ್ವರ.

ಸತ್ತ ಮೇಲೆ ಮೈ ಗಂಟೆಗೆ ಸುಮಾರು 1.5 ಡಿಗ್ರಿ ಫ್ಯಾರನ್‌ಹೀಟ್‌ನಂತೆ ತಣ್ಣಗಾಗುತ್ತದೆ ಅನ್ನುವುದು ಹಳೇ ಲೆಕ್ಕ. (ಕೋಣೆಯ ಬಿಸಿ, ಹೊದಿಕೆ, ಮೈಕಟ್ಟು ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತದೆ, ಡಾಕ್ಟರುಗಳು ಬೈಯಬೇಡಿ.) ಲೆಕ್ಕ ಶುರುವಾಗುವುದು 98.6ರಿಂದ. ರಾತ್ರಿ ಹನ್ನೊಂದೂವರೆಗೆ ಹೆಣದ ಮೈ 95 ಇದ್ದರೆ ಸಾವು ಒಂಬತ್ತರ ಆಸುಪಾಸು. ನನ್ನ ಕಥೆಯಲ್ಲಿ ಒಂಬತ್ತಕ್ಕೆ ಮನೆಯವರೆಲ್ಲ ನೆಂಟರ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು. ಹತ್ತಾರು ಜನ ಸಾಕ್ಷಿ.

ಆದರೆ ಮಹಡಿ ಮೇಲಿದ್ದ ಯಜಮಾನರಿಗೆ ಆಗ 102 ಜ್ವರ ಇದ್ದಿದ್ದರೆ? ಇಳಿದದ್ದು ಏಳು ಡಿಗ್ರಿ. ಅಂದರೆ ಸತ್ತು ನಾಲ್ಕೂವರೆ ಗಂಟೆಗೂ ಜಾಸ್ತಿ ಆಗಿದೆ. ಏಳು ಗಂಟೆಗೂ ಮೊದಲು! ಆಗ ವಿಡಿಯೋ ಕಾಲ್ ಯಾರನ್ನೂ ಕಾಪಾಡುವುದಿಲ್ಲ.

ಬೇರೆ ಕಾಲದಲ್ಲಾದರೆ ಈ ಕಥೆ ನಿಲ್ಲುತ್ತಿರಲಿಲ್ಲ. ಜ್ವರ ಬಂದರೆ ಮನೆಯೆಲ್ಲಾ ಗೊತ್ತಾಗುತ್ತದೆ. ಲಾಕ್‌ಡೌನ್‌ನಲ್ಲಿ ಮಾತ್ರ ಜನ ಜ್ವರವನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟರು. ಕೆಮ್ಮು ಬಂದರೆ ನಲ್ಲಿ ಬಿಟ್ಟು ಕೆಮ್ಮಿದರು. ನನ್ನ ಕಥೆಯ ಯಜಮಾನರೂ ಅಷ್ಟೇ, ಯಾರಿಗೂ ಹೇಳಲಿಲ್ಲ. ಹಾಗಂತ ಮನೆಯವರೆಲ್ಲ ಹೇಳುತ್ತಾರೆ.

ಹತ್ತೊಂಬತ್ತನೇ ಅಧ್ಯಾಯದಲ್ಲಿ ಹಾಸಿಗೆ ಕೊಡವುವಾಗ ಅರ್ಧ ಖಾಲಿಯಾದ ಪ್ಯಾರಾಸಿಟಮಾಲ್ ಸ್ಟ್ರಿಪ್ ಕೆಳಗೆ ಬೀಳುತ್ತದೆ. ಯಜಮಾನರು ಎರಡು ವಾರದಿಂದ ಮೆಟ್ಟಿಲು ಇಳಿದಿಲ್ಲ. ಇನ್‌ಸ್ಪೆಕ್ಟರ್ ಸ್ಟ್ರಿಪ್ ಎತ್ತಿಕೊಂಡು, ಸಾಲಾಗಿ ನಿಂತ ಐದು ಮಾಸ್ಕ್‌ಗಳ ಕಡೆ ತಿರುಗುತ್ತಾಳೆ.