ಒಳ್ಳೆ ಮನೆ ಕರೆದರೂ ಆ ಹುಡುಗಿ ಯಾಕೆ ಹೋಗಲಿಲ್ಲ?

2002ರ 'ವೈಟ್ ಓಲಿಯಾಂಡರ್' ಸಿನಿಮಾವನ್ನು ಉಡುಪಿಯ ನಮ್ಮ ಮನೆಯಲ್ಲಿ ಗೆಳತಿಯರಿಗೆ ಎಷ್ಟೋ ಸಲ ತೋರಿಸಿದ್ದೇನೆ. ಮುಗಿದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಅಷ್ಟು ಒಳ್ಳೆ ಗಂಡ ಹೆಂಡತಿ ಬಾ ಅಂದರೂ ಬೇಡ ಅಂದಳಲ್ಲ, ಯಾಕೆ?"

ಕಥೆ ಇಷ್ಟು. ಆಸ್ಟ್ರಿಡ್‌ಳ ಅಮ್ಮ ಕೊಲೆ ಮಾಡಿ ಜೈಲು ಸೇರುತ್ತಾಳೆ. ಹುಡುಗಿ ಫಾಸ್ಟರ್ ಕೇರ್ ಅಂತ, ಅಂದರೆ ಮಗುವನ್ನು ಸ್ವಲ್ಪ ಕಾಲ ಬೇರೆ ಕುಟುಂಬದವರು ಸಾಕುವ ವ್ಯವಸ್ಥೆಯಲ್ಲಿ, ಮನೆಯಿಂದ ಮನೆಗೆ ಹೋಗುತ್ತಾಳೆ. ಮೊದಲ ಮನೆಯಾಕೆ ಹೊಟ್ಟೆಕಿಚ್ಚಿಗೆ ಇವಳ ಮೇಲೆ ಗುಂಡು ಹಾರಿಸುತ್ತಾಳೆ. ಆಮೇಲೆ ಕ್ಲೇರ್ ಸಿಗುತ್ತಾಳೆ. ಜೀವ ಇಟ್ಟು ಪ್ರೀತಿಸುತ್ತಾಳೆ. ಆ ಕ್ಲೇರ್ ಕೂಡ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಅದಾದ ಮೇಲೆ ಆಸ್ಟ್ರಿಡ್ ಬಾ ಅಂತ ಕರೆದ ಆ ಒಳ್ಳೆ ಗಂಡ ಹೆಂಡತಿಯನ್ನು ಬಿಟ್ಟು, ಹಳೆ ಬಟ್ಟೆ ಮಾರುವ ರೀನಾಳ ಜೊತೆ ಹೊರಡುತ್ತಾಳೆ.

ನನಗೆ ಆಗ ನೆನಪಾಗುವುದು ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ. ಅಮ್ಮನಿಗೆ ಕಾಯಿಲೆ. ಇವಳು ಸ್ವಲ್ಪ ದಿನ ದೊಡ್ಡಮ್ಮನ ಮನೆ, ಸ್ವಲ್ಪ ದಿನ ಮಾವನ ಮನೆ. ಯಾರೂ ಕೆಟ್ಟವರಲ್ಲ. ಆದರೆ ಅವಳ ಬಟ್ಟೆ ಯಾವಾಗಲೂ ಜವಳಿ ಅಂಗಡಿಯ ಚೀಲದಲ್ಲೇ ಇರುತ್ತಿತ್ತು. ಯೂನಿಫಾರ್ಮ್ ಒಗೆದು, ಒಣಗಿಸಿ, ಮಡಚಿ ಪುನಃ ಅದರೊಳಗೇ ಇಡುವಳು. "ಕಪಾಟಿನಲ್ಲಿ ಜಾಗ ಉಂಟಲ್ಲ?" ಅಂತ ಕೇಳಿದ್ದೆ. "ಮತ್ತೆ ತೆಗೀಲಿಕ್ಕೆ ಉಂಟಲ್ಲ" ಅಂದಳು.

ನನ್ನ ಉತ್ತರ ಅದೇ. ರೀನಾಳ ಮನೆಯಲ್ಲಿ ಚೀಲ ಬಿಚ್ಚಬೇಕಾಗಿಲ್ಲ. ಅಲ್ಲಿ ಯಾರನ್ನೂ ಪ್ರೀತಿಸಬೇಕಾಗಿಲ್ಲ, ಹಾಗಾಗಿ ಕಳೆದುಕೊಳ್ಳುವುದೂ ಇಲ್ಲ. ಇದನ್ನು ಸೊಕ್ಕು ಅನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

"ಯಾರಾದರೂ ದತ್ತು ತಗೊಳ್ಳಬಹುದಿತ್ತಲ್ವಾ?" ಅಂತಲೂ ಕೇಳುತ್ತಾರೆ. ದತ್ತು ಬೇರೆ, ಫಾಸ್ಟರ್ ಕೇರ್ ಬೇರೆ. ಇಲ್ಲಿ ಹೆತ್ತ ಅಮ್ಮ ಅಮ್ಮನಾಗಿಯೇ ಉಳಿಯುತ್ತಾಳೆ. ಆಸ್ಟ್ರಿಡ್ ಪ್ರತಿ ಸಲ ಜೈಲಿಗೆ ಹೋಗಿ ಅಮ್ಮನ ಎದುರು ಕೂರುತ್ತಾಳಲ್ಲ, ಅವಳ ಅರ್ಧ ಭಾರ ಅದು.

ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇದೆ. ಮಗುವನ್ನು ಕುಟುಂಬಕ್ಕೆ ಒಪ್ಪಿಸುವುದು ಮಕ್ಕಳ ಕಲ್ಯಾಣ ಸಮಿತಿ. 2024ರ ಮಾರ್ಗಸೂಚಿ ಬಂದ ಮೇಲೆ 35ರಿಂದ 60 ವರ್ಷದೊಳಗಿನ ಒಂಟಿ ಹೆಂಗಸರೂ ಹೀಗೆ ಮಗುವನ್ನು ಸಾಕಲು ಮುಂದೆ ಬರಬಹುದು. ನಲವತ್ತು ದಾಟಿದ, ಮದುವೆಯಾಗದ ಗೆಳತಿಯೊಬ್ಬಳು ಸಿನಿಮಾ ನೋಡಿದ ವಾರವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ ಬಂದಳು. ಮನೆಯಲ್ಲಿ ಏನೇನು ತಯಾರಿ ಮಾಡಲಿ ಅಂತ ನನ್ನನ್ನು ಕೇಳಿದಳು.

"ಕಪಾಟಿನ ಒಂದು ಖಾನೆ ಖಾಲಿ ಮಾಡಿಡು ಮಾರಾಯ್ತಿ. ಚೀಲ ಮಾತ್ರ ನೀನು ಬಿಚ್ಚಬೇಡ" ಅಂದೆ.