ಮೂರನೇ ಮಹಡಿಯಲ್ಲಿ ನೂರು ಲೀಟರ್ ಸಮುದ್ರ

2024 ಅಕ್ಟೋಬರ್ 30, ಬುಧವಾರ

ಇವತ್ತು ನೀರು ತುಂಬುವ ಹಬ್ಬ. ಅಮ್ಮ ಊರಿಂದ ತಂದ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅರಿಶಿನ ಕುಂಕುಮ ಹಚ್ಚಿ ನೀರು ತುಂಬಿದರು. ಇತ್ತ ಹಾಲ್‌ನಲ್ಲಿ ನಾನೂ ಮಗಳೂ ಕಡಲ ಮೀನು ಸಾಕಲು ತಂದ ಎರಡಡಿ ಗಾಜಿನ ತೊಟ್ಟಿಗೆ ನೀರು ತುಂಬುತ್ತಿದ್ದೆವು. "ಪೂಜೆ ಆದ ನೀರು, ಒಂದು ಬಿಂದಿಗೆ ಇದನ್ನೂ ಹಾಕಿ" ಅಂತ ಅಮ್ಮ ಎತ್ತಿಕೊಂಡೇ ಬಂದರು. ಬೇಡವೇ ಬೇಡ ಅಂದೆ. ಸಿಗಡಿ, ಏಡಿ, ಬಸವನಹುಳುಗಳಿಗೆ ತಾಮ್ರ ಚೂರು ಕರಗಿದರೂ ವಿಷ. ಮುಂದೆ ಅವೂ ಈ ತೊಟ್ಟಿಗೆ ಬರುವವರಿದ್ದಾರೆ. ಅಮ್ಮನಿಗೆ ಇದು ಅಷ್ಟೇನೂ ಹಿಡಿಸಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ಕುಡಿಯುವ ಆರ್‌ಒ ನೀರಿನಲ್ಲೂ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 60 ತೋರಿಸುತ್ತದೆ. ಕುಡಿಯಲು ಅದು ಸರಿಯೇ, ಉಪ್ಪುನೀರಿನ ತೊಟ್ಟಿಗೆ ಸೊನ್ನೆ ಬೇಕು. ಅದಕ್ಕೇ ಕೊನೆಗೆ, ಉಳಿದ ಲವಣವನ್ನೂ ತೆಗೆಯುವ ಒಂದು ಡಿಐ ಕಾರ್ಟ್ರಿಜ್ ಸೇರಿಸಿದೆವು. ಮೀಟರ್ ಹಿಡಿದು ಸೊನ್ನೆ ಬಂತಾ ಅಂತ ನೋಡುವ ಕೆಲಸ ಮಗಳದು. ಎರಡನೇ ಕ್ಲಾಸಿನ ಹುಡುಗಿ. ಸೊನ್ನೆ ಬಂದರೆ ಖುಷಿಪಡುವ ಪರೀಕ್ಷೆ ಇದೊಂದೇ ಅಂತ ಅವಳೇ ಹೇಳಿದಳು.

ಆಮೇಲೆ ಉಪ್ಪು. ಲೀಟರಿಗೆ ಸುಮಾರು 36 ಗ್ರಾಂ ಲೆಕ್ಕದಲ್ಲಿ ನೂರು ಲೀಟರಿಗೆ 3.6 ಕೆಜಿ. ಅಡುಗೆಮನೆಯ ತಕ್ಕಡಿಯಲ್ಲೇ ತೂಗಿದೆವು. "ಡಬ್ಬದಲ್ಲಿ ಉಪ್ಪಿದೆಯಲ್ಲ, ಅದನ್ನೇ ಹಾಕಬಹುದಿತ್ತಲ್ವಾ?" ಅಂದಳು. ಒಳ್ಳೆಯ ಪ್ರಶ್ನೆ. ಅಡುಗೆ ಉಪ್ಪು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಅದರ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲಾ ಇರುತ್ತದೆ, ಅದೂ ಒಂದು ಅಳತೆಯಲ್ಲಿ. ಅಂಗಡಿಯ ಸಮುದ್ರದುಪ್ಪಿನ ಚೀಲಕ್ಕೆ ಅಷ್ಟು ದುಡ್ಡು ಕೊಡುವುದು ಅದಕ್ಕೇ. ಮೊದಲ ಸಲ ತುಂಬುವಾಗ ತೊಟ್ಟಿಯಲ್ಲೇ ಕಲಸಬಹುದು. ಒಳಗೆ ಇನ್ನೂ ಯಾರೂ ಇಲ್ಲವಲ್ಲ. ಪಂಪ್ ಹಾಕಿ ತಿರುಗಲು ಬಿಟ್ಟೆವು.

ಪಕ್ಕದ ಮನೆಯವರು ಬಂದು, ತೊಟ್ಟಿ ಈಶಾನ್ಯದಲ್ಲಿ ಇರಬೇಕಿತ್ತು ಅಂದರು. ನಮ್ಮ ಈಶಾನ್ಯದಲ್ಲಿ ದೊಡ್ಡ ಕಿಟಕಿ ಇದೆ. ಬೆಳಗಿನ ಬಿಸಿಲು ನೇರ ಬಿದ್ದರೆ ಪಾಚಿಗೆ ಹಬ್ಬ. ಬಿಸಿಲು ಬೀಳದ, ಪ್ಲಗ್ ಹತ್ತಿರವಿರುವ, ಗೋಡೆ ಪಕ್ಕದ ಜಾಗವೇ ಸರಿ.

ನವೆಂಬರ್ 3, ಭಾನುವಾರ

ಉಪ್ಪು ಪೂರ್ತಿ ಕರಗಿದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ ಬಿಳಿ ಸೇರುವ ಗೆರೆ 35ರ ಮೇಲೆ. ಸಮುದ್ರದಲ್ಲೂ ಹೆಚ್ಚುಕಡಿಮೆ ಅಷ್ಟೇ, ಸಾವಿರಕ್ಕೆ 35 ಪಾಲು.

ಕಲ್ಲು ತರಲು ಹೋಗಿದ್ದೆವು. ಒಂದು ಅಂಗಡಿಯಲ್ಲಿ "ಲೈವ್ ರಾಕ್ ಇದೆ, ಹವಳಾನೂ ಕೊಡ್ತೀನಿ" ಅಂತ ಮೆತ್ತಗೆ ಹೇಳಿದರು. ಲೈವ್ ರಾಕ್ ಅಂದರೆ ಕಡಲಿನ ಪುಟ್ಟ ಜೀವಿಗಳು ಅಂಟಿಕೊಂಡೇ ಬರುವ ಕಲ್ಲು. ಮೆತ್ತಗೆ ಹೇಳಿದ್ದಕ್ಕೆ ಕಾರಣ ಇದೆ. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಸಮುದ್ರಕುದುರೆಯೂ ಅದರಲ್ಲೇ ಇದೆ. ಹುಲಿಯೂ ಇರುವ ಪಟ್ಟಿ ಅದು. ನಮ್ಮ ಕಡಲಿನಿಂದ ಮುರಿದು ತಂದ ಲೈವ್ ರಾಕ್ ಅಂದರೂ ಹವಳದ ಬಂಡೆಯ ತುಂಡೇ. ವಿದೇಶಗಳ ವಿಡಿಯೋ ನೋಡಿ "ಮೊದಲು ಲೈವ್ ರಾಕ್ ತನ್ನಿ" ಅನ್ನುವ ಸಲಹೆಯನ್ನು ಇಲ್ಲಿ ಹಾಗೇ ಪಾಲಿಸುವ ಹಾಗಿಲ್ಲ. ಮಗಳಿಗೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಗ್ಗೆ ಹೇಳಿದೆ. ನಮ್ಮದೇ ರಾಜ್ಯದ ಕಡಲಲ್ಲಿ, ಆ ದ್ವೀಪದ ಸುತ್ತ ಹವಳ ಇದೆ ಅಂದಾಗ ಕಣ್ಣರಳಿಸಿದಳು. ಅಲ್ಲಿ ಹೋಗಿ ನೋಡೋಣ, ಮನೆಗೆ ತರೋದು ಬೇಡ ಅನ್ನೋದು ಅವಳದೇ ತೀರ್ಮಾನ. ಪ್ರವಾಸದ ಖರ್ಚು ನನ್ನದು.

ಕೊನೆಗೆ ತಂದದ್ದು ರಂಧ್ರ ಜಾಸ್ತಿ ಇರುವ ಸೆರಾಮಿಕ್ ಕಲ್ಲು. ಬಿಳೀ ಬಿಳಿ. ಸದ್ಯಕ್ಕೆ ತೊಟ್ಟಿ ಬಾತ್‌ರೂಮ್ ರಿಪೇರಿಗೆ ತಂದಿಟ್ಟ ಸಾಮಾನಿನ ಹಾಗೆ ಕಾಣುತ್ತಿದೆ.

ಇನ್ನೊಂದು ಜಗಳವೂ ಮುಗಿಯಿತು. ಅವಳಿಗೆ ಹಳದಿ ಬಾಲದ ನೀಲಿ ಮೀನು, ಬ್ಲೂ ಟ್ಯಾಂಗ್, ಬೇಕಂತೆ. ಅಂಗಡಿಯಲ್ಲಿ ಹೆಬ್ಬೆರಳಷ್ಟು ಇರುತ್ತದೆ, ಬೆಳೆದರೆ ಒಂದಡಿ. ಈಜಲು ಆರಡಿ ತೊಟ್ಟಿಯಾದರೂ ಬೇಕು. ಟೇಪ್ ಹಿಡಿದು ಹಾಲ್‌ನಲ್ಲಿ ಆರಡಿ ಅಳೆದು ತೋರಿಸಿದೆ. ಸೋಫಾ ತೆಗೆಯಬಹುದು ಅಂದಳು.

ನವೆಂಬರ್ 10, ಭಾನುವಾರ

ಇವತ್ತಿನಿಂದ ಖಾಲಿ ತೊಟ್ಟಿಗೆ ಊಟ. ಮೀನು ಹೊರಹಾಕುವುದು, ಉಳಿದ ಆಹಾರ ಕೊಳೆಯುವುದು, ಎರಡರಿಂದಲೂ ಅಮೋನಿಯಾ ಬರುತ್ತದೆ. ಅದು ಮೀನಿನ ಕಿವಿರು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ನೈಟ್ರೋಸ್ಪೈರಾದಂಥ ಇನ್ನೊಂದು ಬಗೆ ಬಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅದರ ಕಾಟ ತೀರಾ ಕಡಿಮೆ. ಈ ಎರಡೂ ತಂಡ ಕಲ್ಲಿನ ರಂಧ್ರಗಳಲ್ಲಿ ಮನೆ ಮಾಡಬೇಕು. ಇದಕ್ಕೇ ಸೈಕಲ್ ಆಗುವುದು ಅನ್ನುತ್ತಾರೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ.

ಅಂಗಡಿಯವರ ಸಲಹೆ: "ಎರಡು ಡ್ಯಾಮ್ಸೆಲ್ ಬಿಡಿ ಸಾರ್, ಗಟ್ಟಿ ಮೀನು, ಸೈಕಲ್ ಆಗ್ಹೋಗುತ್ತೆ." ಗಟ್ಟಿ ಅಂದರೆ ನೋವಾಗಲ್ಲ ಅಂತಲ್ಲ, ಸಾಯಲು ಹೊತ್ತು ಹಿಡಿಯುತ್ತದೆ ಅಂತ ಅಷ್ಟೇ. ಬೇಡ ಅಂದೆ. ಹಸಿ ಸಿಗಡಿ ಹಾಕಿ ಕೊಳೆಸುವುದು ಇನ್ನೊಂದು ದಾರಿ. ಅದನ್ನು ಅಮ್ಮ ಬಾಗಿಲಲ್ಲೇ ತಡೆದರು. ಹಾಗಾಗಿ ಉಳಿದದ್ದು ಅಮೋನಿಯಂ ಕ್ಲೋರೈಡ್ ಪುಡಿ. ನೂರು ಲೀಟರಿಗೆ 2 ಪಿಪಿಎಂ ಅಮೋನಿಯಾ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ, ಬರಲು ಮುಕ್ಕಾಲು ಗ್ರಾಮಿಗೂ ಕಡಿಮೆ ಸಾಕು. ಜೊತೆಗೆ ಒಂದು ಬಾಟಲಿ ಬ್ಯಾಕ್ಟೀರಿಯಾ.

ಪರೀಕ್ಷೆಯ ಟ್ಯೂಬಿನಲ್ಲಿ ಹಳದಿ ಇದ್ದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ. ಅವಳು ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುವುದಿಲ್ಲ. ಸ್ಕೆಚ್ ಪೆನ್ನಿನಲ್ಲಿ ಆ ದಿನದ ಬಣ್ಣವನ್ನೇ ತುಂಬುತ್ತಾಳೆ. ನನ್ನ ಎಕ್ಸೆಲ್ ಶೀಟಿಗಿಂತ ಅದೇ ಸಲೀಸು.

ಸೊಳ್ಳೆ ಬತ್ತಿ, ಲಿಕ್ವಿಡ್ ಮಷೀನು ಎರಡನ್ನೂ ಹಾಲ್‌ನಿಂದ ಎತ್ತಿಟ್ಟೆ. ಅವುಗಳಲ್ಲಿರುವ ಔಷಧ ಮೀನಿಗೂ ಸಿಗಡಿಗೂ ವಿಷ, ಏರ್ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಇನ್ನು ಮೇಲೆ ಕಿಟಕಿ ಪರದೆ, ಸೊಳ್ಳೆ ಬ್ಯಾಟ್.

ನವೆಂಬರ್ 24, ಭಾನುವಾರ

ನೋಟ್‌ಬುಕ್ಕಿನಲ್ಲಿ ಹಸಿರು ತಿಳಿಯಾಗುತ್ತಾ ಬಂದು ಹಳದಿ ಆಗಿದೆ. ನೈಟ್ರೈಟ್ ಕಾಲಂ ಮಾತ್ರ ಗಾಢ ನೇರಳೆ. ಒಂದು ತಂಡ ಕೆಲಸಕ್ಕೆ ಬಂದಿದೆ, ಇನ್ನೊಂದು ದಾರಿಯಲ್ಲಿದೆ. ಕಲ್ಲು, ಮರಳಿನ ಮೇಲೆ ಕಂದು ಪುಡಿ ಹರಡಿದೆ. ಡಯಾಟಮ್ ಪಾಚಿ. ಹೊಸ ತೊಟ್ಟಿಗಳಲ್ಲಿ ಇದು ಮಾಮೂಲು, ನೀರಿನ ಸಿಲಿಕೇಟ್ ಮುಗಿದರೆ ತಾನಾಗೇ ಹೋಗುತ್ತದೆ. ಮಗಳು ಬೇಜಾರಾಗುತ್ತಾಳೆ ಅಂದುಕೊಂಡಿದ್ದೆ. "ಏನೋ ಬೆಳೀತು!" ಅಂತ ಕುಣಿದಳು. ಮೀನಿಲ್ಲದ ತೊಟ್ಟಿ ಮಕ್ಕಳಿಗೆ ಬೋರ್ ಅನ್ನುವುದು ದೊಡ್ಡವರ ಊಹೆ ಅನ್ನಿಸುತ್ತಿದೆ. ಬೋರ್ ಆಗುತ್ತಿರುವುದು ನನಗೆ.

ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾಗುತ್ತಿದೆ. ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದ್ದೇವೆ. ಗುರುತಿಗಿಂತ ಕೆಳಗಿಳಿದರೆ ಯಾವ ನೀರು ಹಾಕಬೇಕು? ಉಪ್ಪುನೀರು ಅಂದಳು. ಉತ್ತರ ಹೇಳಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ತೊಟ್ಟಿಯ ನೀರು ಹಾಕಿ ಬಾಲ್ಕನಿಯಲ್ಲಿಟ್ಟೆವು. ಎರಡು ದಿನಕ್ಕೆ ನೀರು ಹೋಗಿ ಬಿಳಿ ಹರಳು ಉಳಿಯಿತು. ನೆಕ್ಕಿ ನೋಡಿ, ಮುಖ ಹಿಂಡಿ, "ಉಪ್ಪು ಎಲ್ಲೂ ಹೋಗಿಲ್ಲ, ಹಾಗಾದ್ರೆ ಸಪ್ಪೆ ನೀರು" ಅಂದಳು. ಅವತ್ತಿನಿಂದ ಶಾಲೆಗೆ ಹೋಗುವ ಮುಂಚೆ ಒಂದು ಜಗ್ ಸೊನ್ನೆ ಟಿಡಿಎಸ್ ನೀರು ಹಾಕುವುದು ಅವಳ ಪಾಲು.

ಡಿಸೆಂಬರ್ 2, ಸೋಮವಾರ

ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿದ್ದು ಶನಿವಾರ. ಇಲ್ಲಿ ಜಿಟಿಜಿಟಿ ಮಳೆ, ಚಳಿ. ತೊಟ್ಟಿ 23 ಡಿಗ್ರಿಗೆ ಇಳಿಯಿತು. ಬೆಂಗಳೂರಿಗೆ ಹೀಟರ್ ಬೇಡ ಅನ್ನುವವರ ಮಾತು ಪಕ್ಕಕ್ಕಿಟ್ಟು 100 ವ್ಯಾಟಿನದು ಹಾಕಿ 26ಕ್ಕೆ ನಿಲ್ಲಿಸಿದೆ. ಸಂಜೆ ಕರೆಂಟ್ ಹೋಯಿತು. ಇನ್ವರ್ಟರ್‌ಗೆ ಪಂಪ್ ಮಾತ್ರ ಕೊಟ್ಟಿದ್ದೇನೆ. ನೀರು ಆಡುತ್ತಿದ್ದರೆ ಆಮ್ಲಜನಕ ಸಿಗುತ್ತದೆ, ಉಳಿದದ್ದು ಕಾಯಬಹುದು.

ಡಿಸೆಂಬರ್ 14, ಶನಿವಾರ

ಕಳೆದ ವಾರ ಅಮೋನಿಯಾ ಹಾಕಿದರೆ ಮಾರನೇ ದಿನಕ್ಕೆ ಅಮೋನಿಯಾವೂ ಇಲ್ಲ, ನೈಟ್ರೈಟೂ ಇಲ್ಲ. ಕಾಯುವುದು ಮುಗಿಯಿತು.

ಎರಡು ಪುಟ್ಟ ಒಸಿಲ್ಯಾರಿಸ್ ಕ್ಲೌನ್ ಮೀನು ತಂದೆವು. ನಾನು ಕೇಳಿದ ಮೊದಲ ಪ್ರಶ್ನೆ: ಹ್ಯಾಚರಿಯದಾ, ಕಡಲಿಂದ ಹಿಡಿದದ್ದಾ? ಉಪ್ಪುನೀರಿನ ಎಷ್ಟೋ ಮೀನುಗಳಿಗೆ ಹ್ಯಾಚರಿ ಅನ್ನೋದೇ ಇಲ್ಲ, ಬಂಡೆಗಳಿಂದ ಹಿಡಿದೇ ತರುತ್ತಾರೆ. ಕ್ಲೌನ್ ವಿಷಯದಲ್ಲಿ ಆ ಕಷ್ಟ ಇಲ್ಲ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಇವನ್ನು ಮರಿ ಮಾಡಿಸುತ್ತಾರೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಗುಳಿಗೆ ಆಹಾರವನ್ನೂ ಬೇಗ ತಿನ್ನುತ್ತದೆ. ಇವಕ್ಕೆ ಕಡಲ ಹೂವು, ಅಂದರೆ ಅನಿಮೋನ್, ಇರಲೇಬೇಕು ಅಂತಿಲ್ಲ. ಹೊಸ ತೊಟ್ಟಿಯಲ್ಲಿ ಅದು ಉಳಿಯುವುದೂ ಕಷ್ಟ.

ಚೀಲದ ನೀರನ್ನು ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದರೆ 28. ನಮ್ಮದು 35. ಅದಕ್ಕೇ ಸೀದಾ ಸುರಿಯಲಿಲ್ಲ. ಬಕೆಟ್ಟಿಗೆ ಬಿಟ್ಟು, ಗಾಳಿಯ ಕೊಳವೆಗೆ ಗಂಟು ಹಾಕಿ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಇಳಿಸಿದೆವು. ಮಧ್ಯಾಹ್ನ ಪೂರ್ತಿ ಅದೇ ಆಯಿತು. ಬಕೆಟ್ಟಿನ ನೀರು ತೊಟ್ಟಿಗೆ ಹೋಗಲಿಲ್ಲ, ಮೀನು ಮಾತ್ರ.

ಅಮ್ಮ ಕುರ್ಚಿ ಎಳೆದುಕೊಂಡು ಕೂತರು. "ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?" ಸದ್ಯಕ್ಕೆ ಯಾವುದೂ ಹೆಣ್ಣಲ್ಲ. ಕ್ಲೌನ್ ಮೀನುಗಳು ಬೆಳೆಯುವುದೇ ಗಂಡಾಗಿ. ಜೊತೆಯಲ್ಲಿ ದೊಡ್ಡದಾದದ್ದು, ಜೋರು ಮಾಡುವುದು, ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಗಂಡ ಹೆಣ್ಣಾಗುತ್ತಾನೆ. ವಾಪಸ್ ಗಂಡಾಗುವುದಿಲ್ಲ. ಅಮ್ಮ ಇದನ್ನು ಸಲೀಸಾಗಿ ಒಪ್ಪಿದರು, ಪುರಾಣದಲ್ಲಿ ಇಲ್ಲದ್ದೇನಲ್ಲ ಅಂದರು. ಒಪ್ಪದವಳು ಮಗಳು. ಆಗಲೇ ಗಂಡು ಹೆಸರು, ಹೆಣ್ಣು ಹೆಸರು ಎರಡೂ ಇಟ್ಟಾಗಿತ್ತು.

ಡಿಸೆಂಬರ್ 22, ಭಾನುವಾರ

ಮೊದಲ ಸಲ ನೀರು ಬದಲಿಸಿದೆವು, ಹತ್ತು ಲೀಟರ್. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಉಪ್ಪು ಕಲಸಿ ಪಂಪ್ ಹಾಕಿಟ್ಟಿದ್ದೆ. ಈಗ ಒಳಗೆ ಜೀವ ಇದೆ, ತೊಟ್ಟಿಯಲ್ಲಿ ಕಲಸುವ ಹಾಗಿಲ್ಲ. ಲೆಕ್ಕ ನೋಡಿದರೆ ಇಲ್ಲಿಯತನಕ ಮೀನಿಗಿಂತ ಉಪ್ಪಿಗೇ ಜಾಸ್ತಿ ಖರ್ಚಾಗಿದೆ.

ಈಗ ಸಿಗಡಿ ಬೇಕಂತೆ. ಕಂದು ಪಾಚಿ ಹೋಗಲಿ, ಮೊದಲು ಎರಡು ಬಸವನಹುಳು ಅಂದಿದ್ದೇನೆ.

ಕ್ರಿಸ್‌ಮಸ್ ರಜೆಗೆ ನಾವು ನಾಲ್ಕು ದಿನ ಇರುವುದಿಲ್ಲ. ಅಮ್ಮ ಮನೆಯಲ್ಲೇ ಇರುತ್ತಾರೆ. ದಿನದ ಆಹಾರವನ್ನು ಮಾತ್ರೆ ಡಬ್ಬಿಯ ಒಂದೊಂದು ಖಾನೆಗೆ ಹಾಕಿಟ್ಟಿದ್ದೇವೆ, ಪ್ರೀತಿ ಜಾಸ್ತಿಯಾಗಿ ಸುರಿಯಬಾರದು ಅಂತ. 26ಕ್ಕೆ ಏಕಾದಶಿ, ಅವತ್ತು ಮೀನಿಗೂ ಉಪವಾಸ ಅಂದರು ಅಮ್ಮ. ಒಂದು ದಿನ ತಿನ್ನದಿದ್ದರೆ ಮೀನಿಗೆ ಏನೂ ಆಗಲ್ಲ, ನೀರಿಗೂ ಒಳ್ಳೆಯದೇ. ನಾನು ಆಯ್ತು ಅಂದೆ. ಮಗಳು ಆ ಖಾನೆಗೂ ಆರು ಕಾಳು ಹಾಕಿ ಮುಚ್ಚಳ ಒತ್ತಿದಳು.