ಕೈ ಕೆಲಸದವರಿಗೆ ಚಿಗಾಂಗ್: ಸಿಂಗಪುರದಿಂದ ಅಭ್ಯಾಸದ ಟಿಪ್ಪಣಿ

ಫೆಬ್ರವರಿ

ನಾನು ಇಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ಬೇರೆಯವರ ಬೆನ್ನು, ಭುಜ, ಮಂಡಿಯ ಮೇಲೆ ಕೈ ಇಟ್ಟು ಮಾಡುವ ಕೆಲಸ. ಈ ಕೆಲಸದಲ್ಲಿ ಬಹಳ ವರ್ಷ ಕಳೆದವರನ್ನು ಎಲ್ಲಿ ನೋವು ಅಂತ ಕೇಳಿ ನೋಡಿ, ಹೆಬ್ಬೆರಳಿನ ಬುಡ ತೋರಿಸುತ್ತಾರೆ, ಇಲ್ಲಾ ಸೊಂಟ ಹಿಡಿದುಕೊಳ್ಳುತ್ತಾರೆ. ನನಗೆ ಎರಡೂ ಇದೆ. ಅದಕ್ಕಿಂತ ಜಾಸ್ತಿ ಕಾಡುವುದು ಸಂಜೆಯ ಸುಸ್ತು. ಪಾರ್ಶ್ವವಾಯು ಹೊಡೆದವರು, ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರು, ಅವರ ಮನೆಯವರು, ಇವರೆಲ್ಲರ ಜೊತೆ ದಿನ ಕಳೆದು ಮನೆಗೆ ಬಂದರೆ ಮಗಳ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ಹೀಗಿರಬಾರದು ಅಂತ ನನಗೆ ಬಲವಾಗಿ ಅನ್ನಿಸಿದ್ದರಿಂದಲೇ ಈ ಅಭ್ಯಾಸ ಶುರುವಾಗಿದ್ದು.

ದಾರಿ ತೋರಿಸಿದ್ದು ಶಾಂಘೈನಲ್ಲಿ ತುಯಿನಾ ಕಲಿತು ಬಂದ ಒಬ್ಬ ಗೆಳತಿ. ತುಯಿನಾ ಅಂದರೆ ಚೀನೀ ವೈದ್ಯದ ಕೈ ಚಿಕಿತ್ಸೆ. ಅಲ್ಲಿ ಈ ವಿದ್ಯೆ ಕಲಿಯುವವರು ರೋಗಿಯ ಮೇಲೆ ಕೈ ಇಡುವ ಮೊದಲು ತಮ್ಮ ಮೈ ಪಳಗಿಸಿಕೊಳ್ಳುತ್ತಾರೆ. ಚಿಗಾಂಗ್ ಅಂದರೆ ಮೈಯ ಚಲನೆ, ಉಸಿರು, ಗಮನ ಮೂರನ್ನೂ ಸೇರಿಸಿ ಮಾಡುವ ಚೀನೀ ಅಭ್ಯಾಸ. ಯಿಜಿನ್‌ಜಿಂಗ್, ಶಾವೊಲಿನ್ ನೇಯ್‌ಗಾಂಗ್ ಎನ್ನುವ ಚಿಗಾಂಗ್ ಅಭ್ಯಾಸಗಳು ಅವರ ಪಾಠದ ಭಾಗವೇ. ಜೊತೆಗೆ ಅಕ್ಕಿ ಚೀಲದ ಮೇಲೆ ಕೈ ತಿದ್ದಿಕೊಳ್ಳುವುದು ಬೇರೆ. ನಾವು ಫಿಸಿಯೋ ಓದಿದ್ದು ನಾಲ್ಕೂವರೆ ವರ್ಷ. ರೋಗಿಯ ಮೈಯ ಒಂದೊಂದು ಸ್ನಾಯುವಿನ ಹೆಸರೂ ಗೊತ್ತು. ಆದರೆ ಚಿಕಿತ್ಸೆ ಕೊಡುವವರ ಮೈ, ಉಸಿರು, ಮನಸ್ಸು ಹೇಗಿರಬೇಕು ಅಂತ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಅಲ್ಲಿ ಅದೇ ಮೊದಲ ಪಾಠ ಅಂತ ಕೇಳಿದಾಗ ನನಗೆ ತುಂಬಾ ಸರಿ ಅನ್ನಿಸಿತು.

ಹಾಗಾಗಿ ಎರಡು ಕೆಲಸ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಪಾರ್ಕಿನಲ್ಲಿ ಬಾದುವಾನ್‌ಜಿನ್, ರಾತ್ರಿ ಮನೆಯಲ್ಲಿ ಅಕ್ಕಿ ಚೀಲ.

ಮಾರ್ಚ್

ಬಿಶಾನ್–ಆಂಗ್ ಮೊ ಕಿಯೊ ಪಾರ್ಕಿನಲ್ಲಿ ಒಂದು ಗುಂಪು ಸೇರುತ್ತದೆ. ಹೆಚ್ಚಿನವರು ನಿವೃತ್ತರು. ಒಂದು ಪುಟ್ಟ ಸ್ಪೀಕರು, ಅದರಲ್ಲಿ ಮ್ಯಾಂಡರಿನ್‌ನಲ್ಲಿ ಎಣಿಕೆ. ಕಲಿಸುವವರು ಎಪ್ಪತ್ತು ದಾಟಿದ ಹಿರಿಯರು. ಎಲ್ಲರೂ ಅವರನ್ನು ಲಾವ್‌ಷಿ ಅನ್ನುತ್ತಾರೆ, ಅಂದರೆ ನಮ್ಮ ಮೇಡಂ, ಟೀಚರ್ ಇದ್ದ ಹಾಗೆ. ನಾನೂ ಹಾಗೇ ಕರೆಯುತ್ತೇನೆ.

ಬಾದುವಾನ್‌ಜಿನ್ ಅಂದರೆ ಎಂಟು ಚಲನೆಗಳ ಒಂದು ಸರಣಿ. ಸಾಂಗ್ ಅರಸರ ಕಾಲದ (10ರಿಂದ 13ನೇ ಶತಮಾನ) ಬರಹಗಳಲ್ಲೇ ಇದರ ಹೆಸರಿದೆ. ಈಗ ಪಾರ್ಕುಗಳಲ್ಲಿ ಹೆಚ್ಚಾಗಿ ಮಾಡುವುದು ಚೀನಾದ ಕ್ರೀಡಾ ಇಲಾಖೆ 2003ರ ಹೊತ್ತಿಗೆ ತಿದ್ದಿ ಹೊರತಂದ ರೂಪ. ಪೂರ್ತಿ ಮಾಡಿದರೆ ಸುಮಾರು 12 ನಿಮಿಷ. ಎರಡೂ ಕೈ ಹೆಣೆದು ಆಕಾಶ ಎತ್ತುವುದರಿಂದ ಶುರು. ಆಮೇಲೆ ಬಿಲ್ಲು ಎಳೆಯುವುದು, ಒಂದೇ ಕೈ ಎತ್ತುವುದು, ಹಿಂತಿರುಗಿ ನೋಡುವುದು, ಕುದುರೆ ಸವಾರನ ಹಾಗೆ ಅರ್ಧ ಕೂತು ತಲೆ, ಸೊಂಟ ತೂಗುವುದು, ಬಗ್ಗಿ ಪಾದ ಮುಟ್ಟುವುದು, ಮುಷ್ಟಿ ಬಿಗಿದು ಕಣ್ಣರಳಿಸುವುದು. ಕೊನೆಗೆ ಹಿಮ್ಮಡಿ ಎತ್ತಿ 7 ಸಲ ಮೆಲ್ಲಗೆ ಕುಕ್ಕುವುದು.

ನೋಡಲು ಸುಲಭ ಅಲ್ವಾ? ಕೆಲಸ ಇರುವುದು ಒಳಗೆ. ಲಾವ್‌ಷಿ ಒಂದೊಂದು ಚಲನೆಯಲ್ಲೂ ಮೂರು ವಿಷಯ ನೋಡುತ್ತಾರೆ. ಮೈ ಹೇಗೆ ನಿಂತಿದೆ, ಉಸಿರು ಹೇಗೆ ಹೋಗುತ್ತಿದೆ, ಗಮನ ಎಲ್ಲಿದೆ. ಈ ಮೂರೂ ಒಂದಾದರೆ ಮಾತ್ರ ಚಿಗಾಂಗ್, ಇಲ್ಲದಿದ್ದರೆ ಬರೀ ಡ್ರಿಲ್ ಅನ್ನುತ್ತಾರೆ.

ನನಗೆ ಹತ್ತಿರವಾಗಿದ್ದು ನಾಲ್ಕನೆಯ ಚಲನೆ. ಕೈ ಇಳಿಬಿಟ್ಟು, ಅಂಗೈ ಹೊರಕ್ಕೆ ತಿರುಗಿಸಿ, ಎದೆ ತೆರೆದು, ಭುಜದ ಮೇಲಿಂದ ಹಿಂದೆ ನೋಡುವುದು. ಐದು ಆಯಾಸ, ಏಳು ಪೆಟ್ಟುಗಳಿಗೆ ಇದು ಮದ್ದು ಅಂತ ಅದರ ಹೆಸರಲ್ಲೇ ಇದೆ. ಆ ಐದು ಯಾವುವು ಅಂತ ಕೇಳಿದೆ. ಚೀನೀ ವೈದ್ಯದ ಹಳೆಯ ಗ್ರಂಥ ಹುವಾಂಗ್‌ದಿ ನೇಯ್‌ಜಿಂಗ್ ಅವುಗಳ ಪಟ್ಟಿ ಕೊಡುತ್ತದೆ. ತುಂಬಾ ಹೊತ್ತು ನೋಡಿದರೆ ರಕ್ತಕ್ಕೆ ಪೆಟ್ಟು. ಮಲಗಿದರೆ ಚಿಗೆ (ಚಿ ಅಂದರೆ ಮೈಯಲ್ಲಿ ಹರಿಯುವ ಪ್ರಾಣಶಕ್ತಿ ಅಂತ ಅವರ ನಂಬಿಕೆ), ಕೂತರೆ ಮಾಂಸಕ್ಕೆ, ನಿಂತರೆ ಮೂಳೆಗೆ, ನಡೆದರೆ ಸ್ನಾಯುರಜ್ಜುವಿಗೆ. ಏಳು ಪೆಟ್ಟು ಅಂದರೆ ಸಿಟ್ಟು, ದುಃಖ, ಭಯ, ಚಿಂತೆ ಥರದ ಭಾವಗಳು ಮಿತಿ ಮೀರಿದಾಗ ಆಗುವ ಹಾನಿ. ಹೆಚ್ಚಾದರೆ ಖುಷಿಯೂ ಆ ಪಟ್ಟಿಯಲ್ಲಿ ಇದೆ. ನಮ್ಮ ವಾರ್ಡಿನ ಒಂದು ದಿನವನ್ನು ಯಾರೋ ಪಕ್ಕದಲ್ಲಿ ನಿಂತು ನೋಡಿ ಬರೆದಂತಿದೆ.

ಮಾರ್ಚ್ ಕೊನೆ

ಈ ತಿಂಗಳ ಉಳಿದ ಪಾಠ ಬರೀ ನಿಲ್ಲುವುದು. ಝಾನ್‌ಝುವಾಂಗ್ ಅಂತ ಹೆಸರು. ಪಾದ ಭುಜದಷ್ಟು ಅಗಲ, ಮಂಡಿ ಸ್ವಲ್ಪ ಸಡಿಲ, ಎದೆಯ ಮುಂದೆ ದೊಡ್ಡ ಚೆಂಡು ಅಪ್ಪಿಕೊಂಡ ಹಾಗೆ ಕೈ. ಗಮನ ದಾನ್‌ತಿಯೆನ್ ಮೇಲೆ, ಅಂದರೆ ಹೊಕ್ಕುಳಿನ ಕೆಳಗೆ ಮೂರು ನಾಲ್ಕು ಬೆರಳಷ್ಟು ದೂರದಲ್ಲಿ.

ಮೊದಲ ಕೆಲವು ನಿಮಿಷ ಭುಜ ಉರಿಯುತ್ತದೆ. ಲಾವ್‌ಷಿ ಹತ್ತಿರ ಬಂದು ಎರಡು ಬೆರಳಿನಿಂದ ಮೊಣಕೈ ಮುಟ್ಟಿ, “ಇದು ಇಳಿಯಲಿ, ನೀನು ಇಳಿಸಬೇಡ” ಅಂದರು. ಉಸಿರು ಬಿಡುವಾಗ ಅದರ ಪಾಡಿಗೆ ಅದನ್ನು ಬಿಟ್ಟರೆ ಕತ್ತಿನ ಎರಡೂ ಪಕ್ಕದ ಬಿಗಿ ಕರಗುತ್ತದೆ, ಭಾರ ಅಂಗಾಲಿಗೆ ಹೋಗುತ್ತದೆ. ಅಂಗಾಲಿನ ಮುಂಭಾಗದ ಗುಂಡಿಗೆ ಯೊಂಗ್‌ಚುವಾನ್ ಅನ್ನುತ್ತಾರೆ, ಅಂಗೈ ಮಧ್ಯದ ಬಿಂದುವಿಗೆ ಲಾವ್‌ಗಾಂಗ್. ಅಲ್ಲಿ ಬಿಸಿ, ಜುಮ್ಮು, ತುಂಬಿದಂಥ ಅನುಭವ ಆಗುತ್ತದೆ. ಚಿ ಬಂತು ಅಂತ ಗುಂಪಿನವರು ಹೇಳುತ್ತಾರೆ. ನಾನು ಕಲಿತ ಶಾಸ್ತ್ರದಲ್ಲಿ ನಿಧಾನವಾದ ಉಸಿರು, ಸಡಿಲವಾದ ರಕ್ತನಾಳ, ಕೈಗೆ ಹೆಚ್ಚು ರಕ್ತ ಅಂತ ಹೇಳಬಹುದು. ನನಗೆ ಇವೆರಡರ ನಡುವೆ ಜಗಳ ಕಾಣುವುದಿಲ್ಲ. ಬೆಳಿಗ್ಗೆ ಬೆಚ್ಚಗಿನ ಕೈ ಇಟ್ಟುಕೊಂಡು ಕೆಲಸಕ್ಕೆ ಹೋಗುವುದು ಹೇಗಿರುತ್ತದೆ ಅಂತ ಈ ತಿಂಗಳು ಗೊತ್ತಾಯಿತು. ಎ.ಸಿ. ಕೋಣೆಯಲ್ಲಿ ಮಲಗಿದ ರೋಗಿಗಂತೂ ಅದು ಮುಟ್ಟಿದ ಕ್ಷಣದಲ್ಲೇ ತಿಳಿಯುತ್ತದೆ.

ಮೇ

ಅಕ್ಕಿ ಚೀಲದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನನಗೆ ಅತಿ ಹೆಚ್ಚು ಲಾಭ ಆಗಿರುವುದು ಇದರಿಂದ.

ಚೀಲ ಸುಮಾರು 25 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲ. ಗಟ್ಟಿ ಹತ್ತಿ ಬಟ್ಟೆಯಲ್ಲಿ ಹೊಲಿದು ಒಳಗೆ ಅಕ್ಕಿ ತುಂಬಿದ್ದೇನೆ. ಟೆಕ್ಕಾ ಮಾರ್ಕೆಟ್ಟಿನಿಂದ ತಂದ ಸೋನಾ ಮಸೂರಿ. ತೊಳೆದ ಮರಳೂ ಆಗುತ್ತದೆ. ಶುರುವಿನಲ್ಲಿ ಬಾಯಿ ಬಿಗಿಯಾಗಿ ಕಟ್ಟಬೇಕು. ಕೈ ಪಳಗಿದಂತೆ ಸಡಿಲ ಮಾಡುತ್ತಾ ಹೋಗಬೇಕು. ಚೀಲ ಸಡಿಲವಾದಷ್ಟೂ ಅದು ಮನುಷ್ಯರ ಮೈಗೆ ಹತ್ತಿರ, ಕೈಗೆ ಕಷ್ಟ.

ಗೆಳತಿ ಮೊದಲು ಹೇಳಿಕೊಟ್ಟಿದ್ದು ಯಿಝಿಚಾನ್, ಹೆಬ್ಬೆರಳಿನ ತುದಿಯಿಂದ ಮಾಡುವ ಪಟ್ಟು. ನನ್ನ ನೋವು ಇರುವುದೇ ಅಲ್ಲಿ, ಹಾಗಾಗಿ ಸ್ವಲ್ಪ ಹೆದರಿಕೆ ಇತ್ತು. ಆದರೆ ಇದರಲ್ಲಿ ಒತ್ತುವುದೇ ಇಲ್ಲ. ಭುಜ ಇಳಿದಿರಬೇಕು, ಮೊಣಕೈ ಜೋತಿರಬೇಕು, ಮಣಿಕಟ್ಟು ತೂಗಾಡಬೇಕು, ಅಂಗೈ ಖಾಲಿ, ಬೆರಳ ತುದಿ ಮಾತ್ರ ಗಟ್ಟಿ. ಚಲನೆ ಮುಂದೋಳಿನಿಂದ ಬರುತ್ತದೆ. ಹೆಬ್ಬೆರಳು ಜಾಗ ಬಿಡದೆ ಅತ್ತಿತ್ತ ತೂಗುತ್ತದೆ, ನಿಮಿಷಕ್ಕೆ 120ರಿಂದ 160 ಸಲ. ತೂಗುವುದು ಬೇಗ, ಜಾಗ ಬದಲಿಸುವುದು ನಿಧಾನ. ಮೈಯ ಭಾರ ಹಾಕಿ ಹೆಬ್ಬೆರಳಿನಿಂದ ಒತ್ತುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ಅಜಗಜಾಂತರ.

ಎರಡನೆಯದು ಗುನ್‌ಫಾ, ಉರುಳಿಸುವ ಪಟ್ಟು. 1940ರ ದಶಕದಲ್ಲಿ ದಿಂಗ್ ಜಿಫೆಂಗ್ ಇದನ್ನು ರೂಪಿಸಿದರು. ಯಿಝಿಚಾನ್ ಮನೆತನದವರೇ ಅವರು. ಹೆಬ್ಬೆರಳಿನ ಕೆಲಸವನ್ನು ಇಡೀ ಕೈಗೆ ಹಂಚಿದ್ದು ಅವರ ಜಾಣ್ಮೆ. ಕಿರುಬೆರಳಿನ ಕಡೆಯ ಅಂಗೈ ಹಿಂಭಾಗ ಚೀಲದ ಮೇಲೆ ಉರುಳುತ್ತದೆ, ಮಣಿಕಟ್ಟು ಬಾಗಿ ನೇರವಾಗುತ್ತದೆ, ಜೊತೆಗೇ ಮುಂದೋಳು ತಿರುಗುತ್ತದೆ. ತೊಡೆ, ಸೊಂಟದಂಥ ದಪ್ಪ ಜಾಗಕ್ಕೆ ಹೇಳಿ ಮಾಡಿಸಿದ್ದು.

ನಿಂತು ಮಾಡುವ ಅಭ್ಯಾಸಕ್ಕೂ ಈ ಚೀಲಕ್ಕೂ ನಂಟು ಏನು ಅಂತ ಇಲ್ಲಿ ಕಂಡಿತು. ಝಾನ್‌ಝುವಾಂಗ್‌ನಲ್ಲಿ ಭುಜ ಇಳಿಯುವುದನ್ನು ಮೈ ಕಲಿತಿದ್ದರೆ ಚೀಲದ ಮೇಲೆ ಕೈ ತಾನಾಗಿ ತೂಗುತ್ತದೆ. ಭುಜ ಏರಿದ ಕೂಡಲೇ ತಾಳ ತಪ್ಪುತ್ತದೆ, ಅಕ್ಕಿಯ ಸದ್ದೇ ಬೇರೆಯಾಗುತ್ತದೆ. ಮಗಳು ಪಕ್ಕದ ಕೋಣೆಯಿಂದಲೇ “ಅಮ್ಮಾ, ಸುಸ್ತಾಯ್ತಾ?” ಅನ್ನುತ್ತಾಳೆ.

ಜೂನ್

ಚಿಗಾಂಗ್ ಎಷ್ಟು ಹಳೆಯದು? ಎರಡು ಉತ್ತರ ಇದೆ. ಈ ಥರದ ಉಸಿರು ಮತ್ತು ಚಲನೆಯ ಅಭ್ಯಾಸ ಬಹಳ ಹಳೆಯದು. ಹುನಾನ್ ಪ್ರಾಂತದ ಮಾವಾಂಗ್‌ದುಯಿಯಲ್ಲಿ 1973ರಲ್ಲಿ ಅಗೆದ ಸಮಾಧಿಯಲ್ಲಿ ಒಂದು ರೇಷ್ಮೆ ಚಿತ್ರ ಸಿಕ್ಕಿತು. ಸಮಾಧಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಅದರಲ್ಲಿ 44 ಜನ ಬಗ್ಗುತ್ತಿದ್ದಾರೆ, ಕೈ ಚಾಚುತ್ತಿದ್ದಾರೆ. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ.

ಆದರೆ ಇಂಥ ನೂರಾರು ಅಭ್ಯಾಸಗಳನ್ನೆಲ್ಲ ಚಿಗಾಂಗ್ ಎಂಬ ಒಂದೇ ಹೆಸರಿನ ಕೆಳಗೆ ತಂದು ಆಸ್ಪತ್ರೆಯ ಚಿಕಿತ್ಸೆಯಾಗಿಸಿದ್ದು 1950ರ ದಶಕದಲ್ಲಿ. ಹೆಬೇ ಪ್ರಾಂತದ ಲಿಯು ಗುಯಿಝೆನ್ ಹೊಟ್ಟೆಯ ಹುಣ್ಣಿನಿಂದ ನರಳುತ್ತಿದ್ದವರು. ಉಸಿರಿನ ಅಭ್ಯಾಸದಿಂದ ಚೇತರಿಸಿಕೊಂಡರು, ಆಮೇಲೆ ತಾಂಗ್‌ಷಾನ್, ಬೇಯ್‌ದಾಯ್‌ಹೆ ಊರುಗಳಲ್ಲಿ ಚಿಗಾಂಗ್ ಆರೋಗ್ಯಧಾಮಗಳು ಬಂದವು. ಸಾಂಸ್ಕೃತಿಕ ಕ್ರಾಂತಿಯ ಹೊತ್ತಿಗೆ ಎಲ್ಲಕ್ಕೂ ಕಷ್ಟ ಬಂತು.

1970ರ ದಶಕದಲ್ಲಿ ಬೀಜಿಂಗ್ ಪಾರ್ಕುಗಳಲ್ಲಿ ಮತ್ತೆ ಕಲಿಸಲು ನಿಂತವರು ಗುವೊ ಲಿನ್ ಎಂಬ ಚಿತ್ರಕಲಾವಿದೆ. ಅವರಿಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಎರಡು ಸಲ ಉಸಿರು ಒಳಗೆ, ಒಂದು ಸಲ ಹೊರಗೆ, ಅದಕ್ಕೆ ತಕ್ಕ ಹೆಜ್ಜೆ, ಇದು ಅವರ ನಡಿಗೆ. ನಮ್ಮ ಗುಂಪಿನಲ್ಲೂ ಒಬ್ಬರು ಕೀಮೋ ಮುಗಿದ ಮೇಲೆ ಇದನ್ನು ಮಾಡುತ್ತಾರೆ. ಕ್ಯಾನ್ಸರನ್ನು ಇದು ವಾಸಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಬರಲು ಒಂದು ಕಾರಣ, ಜೊತೆಗೆ ನಡೆಯಲು ಜನ ಇರುವುದು ಎಷ್ಟು ದೊಡ್ಡದು ಅಂತ ರೋಗಿಗಳ ಜೊತೆ ಕೆಲಸ ಮಾಡುವವರಿಗೆ ಗೊತ್ತು.

ಇಲ್ಲಿ ಬೌದ್ಧ ಭಿಕ್ಷು ಬೋಧಿಧರ್ಮನ ಮಾತು ಬಂದೇ ಬರುತ್ತದೆ. ದಕ್ಷಿಣ ಭಾರತದಿಂದ ಚೀನಾಕ್ಕೆ ಹೋಗಿ ಯಿಜಿನ್‌ಜಿಂಗ್ ಕೊಟ್ಟವನು ಅವನೇ ಅಂತ ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಯಿಜಿನ್‌ಜಿಂಗ್ ಎಂಬ ಪಠ್ಯದ ಕಾಲ 1624ರ ಆಸುಪಾಸು, ಬೋಧಿಧರ್ಮ ಅದಕ್ಕಿಂತ ಸಾವಿರ ವರ್ಷ ಹಿಂದಿನವನು. ಅಭ್ಯಾಸದ ಬೆಲೆಗೆ ಆ ಹೆಸರು ಬೇಕಾಗಿಲ್ಲ ಅನ್ನುವುದು ನನ್ನ ಅನಿಸಿಕೆ.

ಆಗಸ್ಟ್

ಕೈಯಿಂದ ಚಿ ಹೊರಸೂಸಿ, ಮುಟ್ಟದೆಯೇ ವಾಸಿ ಮಾಡುತ್ತೇವೆ ಅನ್ನುವವರೂ ಇದ್ದಾರೆ. 1980ರ ದಶಕದಲ್ಲಿ ಚೀನಾದಲ್ಲಿ ಇದರ ಹುಚ್ಚೇ ಎದ್ದಿತ್ತು. ನನ್ನ ದಾರಿ ಅದಲ್ಲ. ನಂಬಿ ಬಂದ ರೋಗಿಗೆ ತೋರಿಸಲಾಗದ್ದನ್ನು ಮಾರಬಾರದು. ಇನ್ನೊಂದು ಮಾತು: ತನ್ನ ಶಕ್ತಿಯನ್ನು ರೋಗಿಗೆ ಸುರಿಯುತ್ತೇನೆ ಅಂದುಕೊಳ್ಳುವವರು ಬೇಗ ಬರಿದಾಗುತ್ತಾರೆ. ಗಟ್ಟಿಯಾಗಿ ನಿಂತು, ಸಡಿಲವಾದ ಕೈ ಇಟ್ಟು, ಉಸಿರು ತಪ್ಪದೆ ಕೆಲಸ ಮಾಡಿದರೆ ಅಷ್ಟೇ ಸಾಕು. ನಾನು ಬಯಸುವುದೂ ಅದನ್ನೇ.

ಗಂಟೆಗಟ್ಟಲೆ ಉಸಿರು ಬಿಗಿಹಿಡಿದು, ಒಳಗಿನ ಅನುಭವಗಳ ಹಿಂದೆ ಬಿದ್ದು ಮನಸ್ಸು ಕೆಟ್ಟವರೂ ಇದ್ದಾರೆ. ಚೀನೀಯರು ಅದನ್ನು ಝೌಹುವೊರುಮೊ ಅನ್ನುತ್ತಾರೆ. 1994ರ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಚಿಗಾಂಗ್‌ನಿಂದ ಬರುವ ಮಾನಸಿಕ ತೊಂದರೆಯ ಪ್ರಸ್ತಾಪ ಇದೆ. ಮನೋರೋಗದ ಇತಿಹಾಸ ಇರುವವರು ವೈದ್ಯರನ್ನು ಕೇಳದೆ ಧ್ಯಾನದ ಭಾಗಕ್ಕೆ ಹೋಗಬಾರದು.

ಸೆಪ್ಟೆಂಬರ್

ಕೆಲಸದ ನಡುವೆ ಇದನ್ನು ಹೊಂದಿಸಿಕೊಂಡದ್ದು ಹೀಗೆ. ಒಬ್ಬ ರೋಗಿ ಎದ್ದು ಹೋದ ಮೇಲೆ ತಣ್ಣೀರಿನಲ್ಲಿ ಮೊಣಕೈವರೆಗೆ ಕೈ ತೊಳೆಯುತ್ತೇನೆ. ಹೇಗೂ ತೊಳೆಯಲೇಬೇಕಲ್ಲ, ಆ ಹೊತ್ತಿನಲ್ಲೇ ಭುಜ ಇಳಿಸಿ ಉದ್ದನೆಯ ಉಸಿರು ಬಿಡುತ್ತೇನೆ. ಒರೆಸಿಕೊಂಡು ಅಂಗೈ ದಾನ್‌ತಿಯೆನ್ ಮೇಲಿಟ್ಟು ಸ್ವಲ್ಪ ನಿಲ್ಲುತ್ತೇನೆ. ಬಾದುವಾನ್‌ಜಿನ್ ಮುಗಿಸುವುದೂ ಹೀಗೆಯೇ. ಆಮೇಲೆ ಮುಂದಿನವರನ್ನು ಕರೆಯುತ್ತೇನೆ. ಹಿಂದಿನವರ ಕಣ್ಣೀರು ಮುಂದಿನವರ ಹತ್ತಿರ ಹೋಗುವುದಿಲ್ಲ. ಇದು ನನಗೆ ತುಂಬಾ ಮುಖ್ಯ.

ಕೆಲವು ರೋಗಿಗಳಿಗೂ ಚಲನೆಗಳನ್ನು ಹೇಳಿಕೊಡುತ್ತಿದ್ದೇನೆ, ಆದರೆ ಆರಿಸಿ. ಮೂಳೆ ಟೊಳ್ಳಾದವರಿಗೆ (ಆಸ್ಟಿಯೊಪೊರೋಸಿಸ್) ಆರನೆಯದು ಬೇಡ, ಬೆನ್ನು ಗುಂಡಗೆ ಬಾಗಿಸುವುದು ಅವರಿಗೆ ಅಪಾಯ. ಹಿಮ್ಮಡಿ ಕುಕ್ಕುವುದನ್ನೂ ಬಿಟ್ಟು, ಎತ್ತಿ ಮೆಲ್ಲಗೆ ಇಳಿಸಲು ಹೇಳುತ್ತೇನೆ. ಬಿ.ಪಿ. ಜಾಸ್ತಿ ಇರುವವರು, ತಲೆಸುತ್ತು ಬರುವವರು ತಲೆಯನ್ನು ಸೊಂಟಕ್ಕಿಂತ ಕೆಳಗೆ ತರಬಾರದು, ಉಸಿರಂತೂ ಹಿಡಿಯಲೇಬಾರದು. ನಿಲ್ಲಲಾಗದವರು ಕುರ್ಚಿಯಲ್ಲಿ ಕೂತು ಮೊದಲ ನಾಲ್ಕನ್ನು ಚೆನ್ನಾಗಿ ಮಾಡಬಹುದು. ಪಾರ್ಶ್ವವಾಯುವಿನಿಂದ ಒಂದು ಕೈ ಸೋತ ಒಬ್ಬರು ಒಳ್ಳೆಯ ಕೈಯಿಂದ ಸೋತ ಕೈ ಹಿಡಿದು ಆಕಾಶ ಎತ್ತುತ್ತಾರೆ. ನೋವಿನ ಮಿತಿಯ ಒಳಗೇ ಇರಲಿ ಅಂತ ನಾನು ಪಕ್ಕದಲ್ಲೇ ಇರುತ್ತೇನೆ. ಅದನ್ನು ಮಾಡುವಾಗ ಅವರ ಮುಖ ನೋಡಬೇಕು ನೀವು!

ಅಕ್ಟೋಬರ್

ಹೆಬ್ಬೆರಳಿನ ನೋವು ಪೂರ್ತಿ ಹೋಗಿಲ್ಲ, ಆದರೆ ತುಂಬಾ ಕಡಿಮೆಯಾಗಿದೆ. ಒತ್ತುವ ಕೆಲಸದ ಹೆಚ್ಚಿನ ಪಾಲು ಗುನ್‌ಫಾಗೆ ಹೋಗಿದ್ದು ಅದಕ್ಕೆ ಕಾರಣ ಅಂತ ನನ್ನ ಲೆಕ್ಕ. ಸೊಂಟಕ್ಕೆ ಐದನೆಯ ಚಲನೆಯಿಂದ ಬಲ ಬಂದಿದೆ, ತೊಡೆಗಳಿಗೂ. ಸಂಜೆ ಮನೆಗೆ ಬಂದ ಮೇಲೆ ಮಗಳ ಶಾಲೆಯ ಕಥೆ ಕೇಳಲು ಮನಸ್ಸಾಗುತ್ತದೆ.

ಮುಂದಿನದು ಲಿಯು ಝಿ ಜುಯೆ, ಆರು ಸದ್ದುಗಳ ಅಭ್ಯಾಸ. ಉಸಿರು ಬಿಡುವಾಗ ಷು, ಹೆ, ಹು, ಸಿ, ಚುಯಿ, ಶಿ ಅಂತ ಮೆಲ್ಲಗೆ ಹೊರಡಿಸುವುದು. ಒಂದೊಂದು ಸದ್ದು ಒಂದೊಂದು ಅಂಗಕ್ಕೆ: ಷು ಯಕೃತ್ತಿಗೆ, ಹೆ ಹೃದಯಕ್ಕೆ, ಸಿ ಶ್ವಾಸಕೋಶಕ್ಕೆ. ಚೀನೀ ವೈದ್ಯದಲ್ಲಿ ದುಃಖದ ಮನೆ ಶ್ವಾಸಕೋಶ, ಸಿಟ್ಟಿನದು ಯಕೃತ್ತು. ಲಾವ್‌ಷಿ ಆರನ್ನೂ ಒಟ್ಟಿಗೆ ಕೊಡುವುದಿಲ್ಲ. “ನಿನಗೆ ಮೊದಲು ಸಿ. ದಿನಾ ಬೇರೆಯವರ ದುಃಖ ಕೇಳುತ್ತೀಯಲ್ಲ” ಅಂದಿದ್ದಾರೆ. ಈಗ ಮಳೆ ಶುರುವಾಗಿರುವುದರಿಂದ ಗುಂಪು ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್‌ಗೆ, ಅಂದರೆ ನೆಲಮಹಡಿಯ ತೆರೆದ ಜಾಗಕ್ಕೆ ಬಂದಿದೆ. ಅಲ್ಲೇ ಈ ವಾರದಿಂದ ಪಾಠ. ಚೀಲದ ದಾರವನ್ನೂ ಇನ್ನೊಂದು ಸುತ್ತು ಸಡಿಲ ಮಾಡಿದ್ದೇನೆ, ಕೈ ಮತ್ತೆ ತಡವರಿಸುತ್ತಿದೆ. ಡಿಸೆಂಬರ್‌ನಲ್ಲಿ ಎರಡರ ಬಗ್ಗೆಯೂ ಬರೆಯುತ್ತೇನೆ.